ಏಳರ ಜಾಗದಲ್ಲಿ ಆರು

ಸೈರನ್ ಕೂಗಿತು!

ಚಿನಕುರಳಿ ಪಕ್ಕದ ಕಲ್ಲುಕ್ವಾರಿ. ಮಧ್ಯಾಹ್ನ ಮೂರೂವರೆ. ಸೈರನ್ ಕೂಗಿದ ಎರಡು ನಿಮಿಷಕ್ಕೆ ಸಿಡಿಮದ್ದು ಹಾರುತ್ತದೆ. ಕೂಲಿಯವರೆಲ್ಲ ಆಗಲೇ ಓಡಿಹೋಗಿದ್ದರು.

ಉಳಿದಿದ್ದವರು ನಾವಿಬ್ಬರೇ.

"ಲೇ... ಎಳ್ಯಲಾ ನನ್ನ!" ಎಂದು ಕಿರುಚಿದ ರಘುನಂದನ್.

ಅವನ ಬಲಗಾಲು ಎರಡು ಬಂಡೆಗಳ ಸಂದಿಗೆ ಸಿಕ್ಕಿಕೊಂಡಿತ್ತು. ಎದೆಗೆ ಕಪ್ಪು ಬ್ಯಾಗೊಂದನ್ನು ಅವಚಿಕೊಂಡಿದ್ದ. ನಾನು ನಾಲ್ಕೇ ಹೆಜ್ಜೆ ದೂರದಲ್ಲಿದ್ದೆ.

ನಾನು ಎಳೆಯಲಿಲ್ಲ.

ನಿಂತೆ.

ಒಂದು... ಎರಡು... ಮೂರು... ಮನಸ್ಸಿನಲ್ಲೇ ಎಣಿಸಿದೆ. ಯಾಕೆ ಅಂತ ನೀವು ಕೇಳುತ್ತೀರಿ. ಹೇಳುತ್ತೇನೆ ಸಾರ್. ಅವನು ಶ್ವೇತಳ ಗಂಡ.

ಅಷ್ಟೇ ಕಾರಣ!

ಹತ್ತಕ್ಕೆ ಬಂದಾಗ ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಮುಂದಕ್ಕೆ ಹಾರಿದೆ. ಜೇಬಿನ ಚಾಕು ತೆಗೆದು ಶೂ ಲೇಸು ಕತ್ತರಿಸಿದೆ. ಕಾಲು ಹೊರಗೆ ಬಂತು, ಶೂ ಅಲ್ಲೇ ಉಳಿಯಿತು. ಅವನನ್ನು ದರದರ ಎಳೆದುಕೊಂಡು ಹಳೇ ಕ್ರಷರ್ ಗೋಡೆಯ ಹಿಂದೆ ಬಿದ್ದೆ.

ಧಡಾರ್!

ಕಲ್ಲಿನ ಮಳೆ. ಕಿವಿ ಕಿವುಡು. ಬಾಯಿ ತುಂಬ ಧೂಳು. ಇಣುಕಿ ನೋಡಿದರೆ ನನ್ನ ಬೈಕು ಅಪ್ಪಚ್ಚಿಯಾಗಿತ್ತು.

ನನ್ನ ಹೆಸರು ರವೀಂದ್ರ. ಊರು ಪಾಲಹಳ್ಳಿ. ಫೈಬರ್ ಕೇಬಲ್ ಎಲ್ಲಿ ತುಂಡಾಯಿತು, ಯಾರು ತುಂಡು ಮಾಡಿದರು... ಹುಡುಕುವುದು ನನ್ನ ಕಸುಬು. ಕಳ್ಳರ ಕಾಲರ್ ಹಿಡಿದಿದ್ದೇನೆ, ಏಟು ತಿಂದಿದ್ದೇನೆ, ಕೊಟ್ಟಿದ್ದೇನೆ.

ಆದರೆ ಏಳು ವರ್ಷದ ಹಿಂದೆ ನಾನು ಎಂಜಿನಿಯರಿಂಗ್ ಕಾಲೇಜಿನ ಲ್ಯಾಬಿನಲ್ಲಿದ್ದೆ. ಪಕ್ಕದ ಕುರ್ಚಿಯಲ್ಲಿ ಶ್ವೇತ.

ಗೈಡ್ ಆಗಿದ್ದವರು ಪ್ರೊಫೆಸರ್ ಚಿಕ್ಕಮಾದಯ್ಯ. ನಮಗೆ ಕೊಟ್ಟ ಸಮಸ್ಯೆ ಇದು. ಒಂದೇ ಗಾಜಿನ ಎಳೆ. ಇಬ್ಬರು ಒಟ್ಟಿಗೇ ಅದರೊಳಗೆ ಬೆಳಕು ಕಳಿಸಬೇಕು. ಸರದಿ ಇಲ್ಲ, ಕಾಯುವಂತಿಲ್ಲ. ಯಾರ ಬೆಳಕು ಯಾರದು ಅಂತ ಆ ಕೊನೆಯಲ್ಲಿ ಗುರುತು ಸಿಗಬೇಕು.

ಅದಕ್ಕೆ ಒಬ್ಬೊಬ್ಬರಿಗೂ ಒಂದು ಕೋಡು.

ಸಮಯವನ್ನು ಹದಿಮೂರು ಮನೆ ಮಾಡಿ. ಮನೆ ಕಡಿಮೆಯಾದಷ್ಟೂ ವೇಗ ಜಾಸ್ತಿ. ಅದರಲ್ಲಿ ಮೂರು ಮನೆಯಲ್ಲಿ ಮಾತ್ರ ಮಿಂಚು. ಒಬ್ಬನಿಗೆ ಸೊನ್ನೆ, ಒಂದು, ನಾಲ್ಕು. ಇನ್ನೊಬ್ಬನಿಗೆ ಬೇರೆ ಮೂರು. ಮಿಂಚಿನಿಂದ ಮಿಂಚಿಗೆ ಇರುವ ಅಂತರ ಮಾತ್ರ ಎಲ್ಲೂ ಎರಡನೇ ಸಲ ಬರಬಾರದು. ಆಗ ಒಬ್ಬನ ಕೋಡು ಹೇಗೆ ಜರುಗಿದರೂ ಇನ್ನೊಬ್ಬನದಕ್ಕೆ ತಾಗುವುದು ಒಂದೇ ಕಡೆ. ಒಂದು ತಾಗಿದರೆ ಮೋಸವಿಲ್ಲ. ಎರಡು ತಾಗಿದರೆ ಯಂತ್ರ ಅವನನ್ನೇ ಇವನು ಅಂದುಕೊಳ್ಳುತ್ತದೆ!

ಎರಡನೇ ಕೋಡಿಗೆ ನಾನು ಮೂರು ವಾರ ಒದ್ದಾಡಿದೆ. ಶ್ವೇತ ಒಂದು ಮಧ್ಯಾಹ್ನದಲ್ಲಿ ಕಂಡುಹಿಡಿದಳು.

ಸೊನ್ನೆ, ಎರಡು, ಏಳು.

ಅವತ್ತೇ ಅವಳ ಮೇಲೆ ಪ್ರೀತಿ ಹುಟ್ಟಿತು. ಹೊಟ್ಟೆಕಿಚ್ಚೂ ಅವತ್ತೇ ಹುಟ್ಟಿತು. ಪ್ರೀತಿಯನ್ನು ಹೇಳಲಿಲ್ಲ. ಹೊಟ್ಟೆಕಿಚ್ಚು ತಡೆಯಲಾರದೆ ಕಾಲೇಜು ಬಿಟ್ಟೆ. ಅವಳು ದೊಡ್ಡ ಡಿಸೈನರ್ ಆದಳು. ಕೇಬಲ್ ಗುಂಡಿ ತೋಡಿಸುವ ಕಂಟ್ರಾಕ್ಟರ್ ರಘುನಂದನನನ್ನು ಮದುವೆಯಾದಳು.

ಗುಂಡಿ ತೋಡಿಸುವವನನ್ನು ಸಾರ್!

ಇವತ್ತು ಬೆಳಿಗ್ಗೆ ಹತ್ತಕ್ಕೆ ಅವಳ ಫೋನು. ಏಳು ವರ್ಷದ ಮೇಲೆ.

"ರವಿ, ನಾನು ಕಣೋ. ಹೆಲ್ಪ್ ಬೇಕು."

ಎರಡು ತಿಂಗಳಿಂದ ಅವಳ ಕೋಡಿನ ಟ್ರಯಲ್ ನಡೆಯುತ್ತಿತ್ತು. ಕೆ.ಆರ್. ಪೇಟೆಯಲ್ಲೊಂದು ಆಸ್ಪತ್ರೆ, ನಾಗಮಂಗಲದಲ್ಲೊಂದು. ಎರಡರ ಹೃದಯದ ರೋಗಿಗಳ ಸಿಗ್ನಲ್ಲೂ ಪಾಂಡವಪುರದ ಬಾಕ್ಸಿನಲ್ಲಿ ಸೇರಿ, ಒಂದೇ ಎಳೆಯಲ್ಲಿ ಶ್ರೀರಂಗಪಟ್ಟಣದ ಸೆಂಟರಿಗೆ ಬರುತ್ತಿದ್ದವು. ಅಲ್ಲಿ ಒಬ್ಬ ಡಾಕ್ಟರು ಎರಡು ಸ್ಕ್ರೀನ್ ನೋಡುತ್ತಾ ಕೂತಿರುತ್ತಾರೆ.

"ಬೆಳಿಗ್ಗೆ ಎರಡೂ ಸ್ಕ್ರೀನ್ ಒಟ್ಟಿಗೆ ಕೂಗ್ಕೊಂಡ್ವು," ಅಂದಳು. "ಡಾಕ್ಟ್ರು ಮೊದ್ಲು ಕೆ.ಆರ್. ಪೇಟೆಗೆ ಫೋನ್ ಮಾಡಿ ಇಂಜೆಕ್ಷನ್ ಕೊಡಿ ಅಂದ್ರು. ಅಲ್ಲಿ ಸಿಂಧಘಟ್ಟದ ಚಿಕ್ಕಬೋರಮ್ಮ ಅಂತ ಪೇಷೆಂಟು. ನರ್ಸ್ ಮುಬೀನಾ ಸೂಜಿ ಹಿಡ್ಕೊಂಡು ಓಡಿದ್ರೆ, ಆಯಮ್ಮ ಕೂತ್ಕೊಂಡು ಇಡ್ಲಿ ತಿಂತಾವ್ಳೆ! 'ನಂಗೇನಾಗದೆ ಅಂತ ಚುಚ್ಚೀಯವ್ವಾ?' ಅಂದ್ಳಂತೆ."

"ಬಚಾವ್!"

"ಆಯಮ್ಮ ಬಚಾವ್. ನಿಜವಾಗ್ಲೂ ಹೃದಯ ನಿಲ್ತಾ ಇದ್ದಿದ್ದು ನಾಗಮಂಗಲದಲ್ಲಿ. ಬೋರಯ್ಯ ಅಂತ. ಅವರ ಸಿಗ್ನಲ್ಲೇ ಎರಡೂ ಕಡೆ ತೋರಿಸಿದೆ. ಅವರ ಹತ್ರ ಹೋಗೋವಷ್ಟೊತ್ತಿಗೆ ಒಂಬತ್ತು ನಿಮಿಷ ಆಗೋಗಿತ್ತು."

"ಸತ್ತನಾ?"

"ಇಲ್ಲ... ಐಸಿಯು. ನನ್ನ ಕೋಡು ತಪ್ಪಿಲ್ಲ ರವಿ. ಯಾರೋ ಬದಲಾಯಿಸವ್ರೆ. ಸಾಯಂಕಾಲ ಐದಕ್ಕೆ ಕಮಿಟಿ ಕೂರ್ತದೆ, ನಮ್ಮ ಚಿಕ್ಕಮಾದಯ್ಯ ಸಾರೇ ಅಧ್ಯಕ್ಷರು. ತಪ್ಪು ನಂದು ಅಂತ ಬರೆದುಬಿಟ್ರೆ ಮುಂದೆ ಪೊಲೀಸು."

"ಕೋಡಿನ ಪಟ್ಟಿ ಮುಟ್ಟೋಕೆ ಯಾರ್ಯಾರಿಗೆ ಆಗುತ್ತೆ?"

"ನನಗೆ... ಚಿಕ್ಕಮಾದಯ್ಯ ಸಾರಿಗೆ... ಲೈನ್ ಎಳೆಸಿದ ರಘುಗೆ."

ರಘುಗೆ!

ನನಗೆ ಬೇರೆ ಹೆಸರೇ ಕೇಳಿಸಲಿಲ್ಲ. ಕಳ್ಳ ಅವನೇ. ಅವನೇ ಆಗಿರಬೇಕು. ಆಗಿರಲಿ ದೇವರೇ ಅಂತ ಬೇಡಿಕೊಂಡೇ ಬೈಕ್ ಹತ್ತಿದೆ.

ಸೈಟು ಸೈಟು ಹುಡುಕಿ, ಮೂರು ಗಂಟೆಗೆ ಪಾಂಡವಪುರ ಬಸ್ ಸ್ಟ್ಯಾಂಡ್ ಹತ್ತಿರ ಸಿಕ್ಕ. ನನ್ನನ್ನು ಕಂಡವನೇ ಬ್ಯಾಗ್ ಎದೆಗೊತ್ತಿಕೊಂಡು ಬೈಕ್ ಹಾರಿಸಿದ. ಅಮಾಯಕ ಯಾಕೆ ಓಡುತ್ತಾನೆ ಹೇಳಿ! ನಾನು ಬೆನ್ನು ಹತ್ತಿದೆ. ಕಬ್ಬಿನ ಟ್ರಾಕ್ಟರು ಅಡ್ಡ ಬಂತು, ತಪ್ಪಿಸಿದೆ. ಅವನು ಕ್ವಾರಿ ರಸ್ತೆಗೆ ತಿರುಗಿಸಿದ. ಜಲ್ಲಿಯ ಮೇಲೆ ಬೈಕು ಜಾರಿತು. ಎದ್ದು ಓಡಿದ, ಬಂಡೆಗಳ ನಡುವೆ ಸಿಕ್ಕಿಬಿದ್ದ. ಆಗಲೇ ಸೈರನ್ ಕೂಗಿದ್ದು.

ಈಗ ಕ್ರಷರ್ ಗೋಡೆಯ ಹಿಂದೆ ಅವನ ಕಾಲರ್ ನನ್ನ ಕೈಯಲ್ಲಿತ್ತು.

"ಬ್ಯಾಗಲ್ಲಿ ಏನಿದೆ?"

"ಮುಟ್ಬ್ಯಾಡ ಕಣ್ಲಾ!"

ಕಿತ್ತುಕೊಂಡೆ. ಜಿಪ್ ಎಳೆದೆ. ಲ್ಯಾಪ್‌ಟಾಪ್ ಇರಲಿಲ್ಲ. ಒಂದು ಹಳೇ ನೋಟ್‌ಬುಕ್ಕು. ತೆರೆದರೆ...

ನನ್ನ ಕೈಬರಹ!

ಏಳು ವರ್ಷದ ಹಿಂದಿನ ಲ್ಯಾಬ್ ನೋಟ್ಸು. ಪುಟ ಪುಟದ ಅಂಚಿನಲ್ಲೂ 'ಶ್ವೇತ, ಇದು ಸರೀನಾ?' ಅಂತ ನಾನು ಬರೆದಿದ್ದೆ. ಕೆಳಗೆ ಅವಳ ಉತ್ತರ, ನಗುವ ಮುಖ.

"ಅವ್ಳ ಬೀರುನಲ್ಲಿ ಸಿಕ್ತು," ಅಂದ ರಘು. ಕಣ್ಣಲ್ಲಿ ನೀರಿತ್ತು, ಧೂಳಿಗೋ ಯಾತಕ್ಕೋ. "ಸೀರೆ ಕೆಳ್ಗೆ ಮಡ್ಗವ್ಳೆ ಕಣ್ಲಾ, ಏಳು ವರ್ಸದಿಂದ! ನನ್ನ ಮದ್ವೆ ಫೋಟೋನೇ ಅಂಗೆ ಮಡ್ಗಿಲ್ಲ. ತಂದು ಈ ಕ್ವಾರಿ ನೀರಿಗೆ ಎಸ್ದುಬುಡೋಣ ಅಂತ ಒಂಟಿದ್ದೆ. ನೀನು ಬಂದ್ಬುಟ್ಟೆ. ಇದ್ನ ಕೇಳಕ್ಕೇ ಬಂದವ್ನೆ ಅನ್ಕಂಡೆ."

ನನಗೆ ನಗು ಬಂತು. ನಾನು ಅವನನ್ನು ನೋಡಿ ಉರಿಯುತ್ತಿದ್ದೆ... ಅವನು ನನ್ನನ್ನು ನೋಡಿ!

ಫೋನು. ಶ್ವೇತ.

"ಮಂಗಳಮ್ಮ ಮೇಡಂ ಈಗ ಸರ್ವರ್ ರೂಮ್ ತೆಗೆದ್ರು. ಆಸ್ಪತ್ರೆ ಕಡೆಯಿಂದ ಕಮಿಟಿಯಲ್ಲಿರೋರು. ಬೆಳಿಗ್ಗೆಯಿಂದ ಅವರೇ ಬೀಗ ಹಾಕಿಟ್ಟಿದ್ರು. ನಾವಿಬ್ರೇ ನೋಡಿದ್ವಿ." ಉಸಿರೆಳೆದುಕೊಂಡಳು. "ಕೆ.ಆರ್. ಪೇಟೆ ಕೋಡಲ್ಲಿ ಏಳರ ಜಾಗದಲ್ಲಿ ಆರು ಅದೆ! ಆದ್ರೂ ಬಾಕ್ಸು ಸೆಲ್ಫ್‌ಟೆಸ್ಟಲ್ಲಿ ಹಸಿರು ತೋರಿಸ್ತಾ ಅದೆ."

ನಾನು ನೋಟ್‌ಬುಕ್ ನೋಡಿದೆ. ಸೊನ್ನೆ, ಎರಡು, ಆರು. ಒಳಗೊಳಗೇ ಅಂತರ ಎರಡು ಸಲ ಬರುವುದಿಲ್ಲ, ಅದಕ್ಕೇ ಬಾಕ್ಸು ಒಪ್ಪಿದೆ. ಆದರೆ ಎರಡಕ್ಕೂ ಆರಕ್ಕೂ ಅಂತರ ನಾಲ್ಕು. ನಾಗಮಂಗಲದ ಕೋಡಿನಲ್ಲಿ ಸೊನ್ನೆಗೂ ನಾಲ್ಕಕ್ಕೂ ಅಂತರ ನಾಲ್ಕು. ಜರುಗಿಸಿದರೆ ಮಿಂಚು ಎರಡು ಕಡೆ ತಾಗುತ್ತದೆ!

"ಯಾರಿಗೂ ಹೇಳಬೇಡ. ಮೇಡಂಗೂ ಹೇಳು, ಬಾಯಿ ಬಿಡಬಾರದು ಅಂತ," ಎಂದು ಫೋನಿಟ್ಟೆ. ರಘು ಕಡೆ ತಿರುಗಿದೆ.

"ಸೊನ್ನೆ, ಎರಡು, ಏಳು ಅಂದ್ರೆ ಏನು?"

"ಬಸ್ ನಂಬರಾ?"

ಸುಳ್ಳಲ್ಲ. ಆ ಮುಖ ಸುಳ್ಳು ಹೇಳಲಾರದು. ಕಣ್ಣುಮುಚ್ಚಿ ನಂಬರ್ ಬದಲಾಯಿಸಿದ್ದರೆ ಸೆಲ್ಫ್‌ಟೆಸ್ಟೇ ಕೆಂಪಾಗಬಹುದಿತ್ತು. ಆರು ಹಾಕಿದವನಿಗೆ ಕೋಡು ಹೆಣೆಯುವುದು ಗೊತ್ತು. ಅಂಥವರು ಮೂರೇ ಜನ. ಶ್ವೇತ, ನಾನು... ಇನ್ನೊಬ್ಬರು ಐದು ಗಂಟೆಯ ಕಮಿಟಿಯ ಅಧ್ಯಕ್ಷರು!

ನನ್ನ ಬೈಕು ಸತ್ತಿತ್ತು. ಅವನದು ಜಲ್ಲಿಯಲ್ಲಿ ಹ್ಯಾಂಡಲ್ ಮುರಿದುಕೊಂಡು ಬಿದ್ದಿತ್ತು. ಜಲ್ಲಿ ತುಂಬಿದ ಟಿಪ್ಪರೊಂದು ಹೊರಟಿತ್ತು. ಅಡ್ಡ ನಿಂತೆ. ಡ್ರೈವರ್ ಖಲಂದರ್ ತಲೆ ಹೊರಗೆ ಹಾಕಿದ.

"ಅರೇ ಭಾಯ್, ಸಾಯೋಕೆ ನನ್ ಗಾಡೀನೇ ಬೇಕಾ?"

"ಶ್ರೀರಂಗಪಟ್ಟಣ! ಐದರೊಳಗೆ!"

"ಬ್ರೇಕು ಜರಾ ಢೀಲಾ ಅದೆ..."

"ಬ್ರೇಕ್ ಬೇಡ!"

ಅವನು ಖುಷಿಯಿಂದ ಹತ್ತಿಸಿಕೊಂಡ. ಪಾಂಡವಪುರದ ಸರ್ಕಲ್ಲಿನಲ್ಲಿ ಎರಡು ಚಕ್ರದ ಮೇಲೆ ತಿರುಗಿದೆವು.

"ರಘು, ಐದು ನಿಮಿಷ ನೀನು ಕಳ್ಳ ಆಗಬೇಕು."

"ನನ್ನ ಎಂಡ್ತಿ ಮುಂದೇನಾ?" ಅವನ ಮುಖ ಬಾಡಿತು. "ಅವ್ಳು ನಂಬ್ಬುಟ್ರೆ?"

ನಾನು ಕಿಟಕಿಯಾಚೆ ನೋಡಿದೆ. ನಂಬಲಿ ಅಂತಲೇ ಇತ್ತು ಸಾರ್ ನನ್ನ ಆಸೆ.

ಐದಕ್ಕೆ ಎರಡು ನಿಮಿಷ ಇರುವಾಗ ಸೆಂಟರಿನ ಬಾಗಿಲು ಒದ್ದೆ. ಉದ್ದ ಟೇಬಲ್ಲು. ಮಧ್ಯದಲ್ಲಿ ಪ್ರೊಫೆಸರ್ ಚಿಕ್ಕಮಾದಯ್ಯ, ಬಿಳಿ ಶರ್ಟು, ಚಿನ್ನದ ಫ್ರೇಮಿನ ಕನ್ನಡಕ. ಪಕ್ಕದಲ್ಲಿ ಮಂಗಳಮ್ಮ. ಎದುರಿಗೆ ಶ್ವೇತ, ಒಬ್ಬಳೇ ನಿಂತಿದ್ದಳು. ತಪ್ಪಿತಸ್ಥಳ ಹಾಗೆ.

"ಕಳ್ಳ ಸಿಕ್ಕ!" ಎಂದು ರಘುನನ್ನು ಮುಂದಕ್ಕೆ ತಳ್ಳಿದೆ.

ಶ್ವೇತ ನನ್ನನ್ನು ನೋಡಲಿಲ್ಲ. ಗಂಡನ ಒಂಟಿ ಶೂ ನೋಡಿದಳು, ರಕ್ತ ನೋಡಿದಳು.

"ಇವ್ರು ಮಾಡಿರಲ್ಲ," ಅಂದಳು.

ಒಂದು ಕ್ಷಣವೂ ಯೋಚಿಸಲಿಲ್ಲ! ಸಾಕ್ಷಿ ಏನು ಅಂತಲೂ ಕೇಳಲಿಲ್ಲ. ಕ್ವಾರಿಯ ಕಲ್ಲು ತಪ್ಪಿಸಿಕೊಂಡಿದ್ದೆ... ಇದು ನೇರ ಎದೆಗೇ ಬಡಿಯಿತು.

ಆದರೂ ಆಟ ನಿಲ್ಲಿಸುವಂತಿರಲಿಲ್ಲ.

"ಇವನೇ ಮಾಡಿದ್ದು. ಒಪ್ಪಿಕೊಂಡಿದ್ದಾನೆ. ಕೆ.ಆರ್. ಪೇಟೆ ಕೋಡಿನ ಏಳನ್ನು ಅಳಿಸಿ ನಾಲ್ಕು ಮಾಡಿದ್ದಾನೆ."

ಪ್ರೊಫೆಸರ್ ತುಟಿ ಕೊಂಕಿಸಿದರು. ಅದೇ ಹಳೇ ತುಟಿ. ಲ್ಯಾಬಿನಲ್ಲಿ ನಾನು ತಪ್ಪು ಮಾಡಿದಾಗಲೆಲ್ಲ ಹೀಗೇ ಕೊಂಕುತ್ತಿತ್ತು.

"ನಾನ್ಸೆನ್ಸ್! ಅದಕ್ಕೇ ನೀನು ಅರ್ಧಕ್ಕೆ ಕಾಲೇಜು ಬಿಟ್ಟಿದ್ದು. ಸೊನ್ನೆ, ಎರಡು, ನಾಲ್ಕು... ಎರಡರ ಅಂತರ ಎರಡು ಸಲ ಬರುತ್ತಲ್ಲಯ್ಯ! ಬಾಕ್ಸು ತಕ್ಷಣ ರಿಜೆಕ್ಟ್ ಮಾಡುತ್ತೆ. ಆರು ಹಾಕಿದ್ದಕ್ಕೇ ಅದು ಒಪ್ಪಿದ್ದು—"

ನಿಲ್ಲಿಸಿದರು.

ಮಂಗಳಮ್ಮ ತಲೆಯೆತ್ತಿ ಅವರನ್ನು ನೋಡಿದರು.

"ಸಾರ್..." ಶ್ವೇತ ಒಂದು ಹೆಜ್ಜೆ ಮುಂದೆ ಬಂದಳು. "ಆರು ಅಂತ ನಿಮಗ್ಯಾರು ಹೇಳಿದ್ರು?"

"ರೂಮಿನ ಬೀಗದಕೈ ನನ್ನ ಹತ್ತಿರವೇ ಇದೆ," ಎಂದರು ಮಂಗಳಮ್ಮ. "ನಾನು ಯಾರಿಗೂ ಹೇಳಿಲ್ಲ."

ಪ್ರೊಫೆಸರ್ ಕನ್ನಡಕ ತೆಗೆದು ಟೇಬಲ್ ಮೇಲಿಟ್ಟರು. ಒಮ್ಮೆಗೇ ಮುದುಕರಾದರು.

"ನನ್ನ ಕೋಡು ನಲವತ್ತೊಂಬತ್ತು ಮನೆಯದು ಕಣಮ್ಮ. ಹನ್ನೊಂದು ವರ್ಷ ತಿದ್ದಿದೆ. ಟ್ರಯಲ್‌ಗೆ ಅದನ್ನೇ ತಗೋತಾರೆ ಅಂದ್ಕೊಂಡಿದ್ದೆ. ನೀನು ಹದಿಮೂರರಲ್ಲಿ ಮುಗಿಸಿಬಿಟ್ಟೆ. ನನ್ನ ಸ್ಟೂಡೆಂಟು! ಎಲ್ಲರೂ ನನ್ನ ಮುಂದೇನೇ ನಿನ್ನ ಹೊಗಳಿದರು. ನಾನೂ ಚಪ್ಪಾಳೆ ತಟ್ಟಿದೆ." ಕೈ ನೋಡಿಕೊಂಡರು. "ಸ್ಕ್ರೀನಲ್ಲಿ ಸ್ವಲ್ಪ ಗೊಂದಲ ಆಗಲಿ, ಸಾಕು ಅಂದ್ಕೊಂಡೆ. ರೋಗಿ ನೆನಪಿಗೇ ಬರಲಿಲ್ಲ."

"ಅವರ ಹೆಸರು ಬೋರಯ್ಯ ಸಾರ್," ಅಂದಳು ಶ್ವೇತ. "ಈಗಷ್ಟೇ ಫೋನ್ ಬಂತು. ಉಳ್ಕೊಂಡ್ರು. ಎಡಗೈ ಏಳಲ್ವಂತೆ."

ಮಂಗಳಮ್ಮ ಪೊಲೀಸರಿಗೆ ಫೋನ್ ಮಾಡಿದರು. ಜೀಪು ಬಂತು. ಹತ್ತಿಸುವಾಗ ಪ್ರೊಫೆಸರ್ ನನ್ನನ್ನೇ ನೋಡಿದರು. ಬೈಯಬೇಕು ಅಂತ ಬಾಯಿ ತೆರೆದೆ. ಅವರು ಒಂದು ಅಂಕಿ ಬದಲಾಯಿಸಿದ್ದರು. ನಾನು ಹತ್ತು ಎಣಿಸಿದ್ದೆ.

ಹೊರಗೆ ರಘು ಕಾಲಿಗೆ ಬಟ್ಟೆ ಸುತ್ತಿಕೊಂಡು ಕಟ್ಟೆ ಮೇಲೆ ಕೂತಿದ್ದ.

"ಸೈರನ್ ಆದ್ಮೇಲೆ ಸುಮ್ನೆ ನಿಂತಿದ್ಯಲ್ಲಾ... ಯಾಕ್ಲಾ?"

"ಎಲ್ಲಿಂದ ಎಳೀಬೇಕು ಅಂತ ನೋಡ್ತಿದ್ದೆ."

"ಸುಳ್ಳು."

"ಹೂಂ. ಸುಳ್ಳು."

ಅವನು ಬ್ಯಾಗಿನಿಂದ ನೋಟ್‌ಬುಕ್ ತೆಗೆದು ನನ್ನ ಮಡಿಲಿಗೆ ಹಾಕಿದ.

"ನೀನೇ ಮಡೀಕೋ. ಮನೇಲಿದ್ರೆ ನಂಗೆ ನಿದ್ದೆ ಬರಾಕಿಲ್ಲ."

ಅಷ್ಟರಲ್ಲಿ ಶ್ವೇತ ಬಂದಳು. ಅವನ ಕಾಲು ಮುಟ್ಟಿ ನೋಡಿದಳು, ಬೈದಳು, ಮತ್ತೆ ಮುಟ್ಟಿದಳು. ನಾನು ಬೇರೆ ಕಡೆ ನೋಡಿದೆ. ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಹೊಳೆಯುತ್ತಿತ್ತು.

"ರವಿ, ಈ ಟ್ರಯಲ್ ಮೇಲೆ ರಿಸರ್ಚ್ ಪೇಪರ್ ಬರೀತಿದ್ದೀನಿ. ಲ್ಯಾಬಲ್ಲಿ ಶುರು ಮಾಡಿದ್ದು ನಾವಿಬ್ರೂ ತಾನೇ? ನಿನ್ನ ಹೆಸರೂ ಹಾಕ್ತೀನಿ."

ಏಳು ವರ್ಷದ ಮೇಲೆ ನನ್ನ ಎದೆ ಹಗುರಾಯಿತು ಸಾರ್.

"ನಿನ್ನ ಹೆಸರಿನ ಪಕ್ಕಾನಾ?" ಎಂದೆ.

"ಇಲ್ಲ ಕಣೋ," ಅಂದಳು ನಗುತ್ತಾ. "ಕೇಬಲ್ ಎಳೆಸಿದ್ದು ಇವ್ರಲ್ವಾ... ಮಧ್ಯೆ ರಘು ಇರ್ತಾರೆ!"