ಉಜ್ಜಪ್ಪಜ್ಜನ ಕ್ಷೌರದ ಕತ್ತಿ

"ಸುಷ್ಮೀ, ಹಿತ್ಲಲ್ಲಿ ಏನೇ ಅದು ಕರಕರ ಅಂತ?"

"ಏನಿಲ್ಲ ಅಜ್ಜಿ!"

ಸುಷ್ಮಿತಾ ಕೈಯಲ್ಲಿದ್ದುದನ್ನು ಬೆನ್ನ ಹಿಂದೆ ಮರೆಸಿದಳು. ಅದು ತೀರಿಹೋದ ಉಜ್ಜಪ್ಪಜ್ಜನ ಮಡಚುವ ಕ್ಷೌರದ ಕತ್ತಿ.

ಆ ಮನೆಯಲ್ಲಿ ಯಾವ ಮಗುವಿನ ಜವಳವಾದರೂ ಮೊದಲ ಕೂದಲನ್ನು ಆ ಕತ್ತಿಯಿಂದಲೇ ತೆಗೆಯಬೇಕು. ಅಪ್ಪನಿಗೂ ಹಾಗೇ, ಸುಷ್ಮಿತಾಳಿಗೂ ಹಾಗೇ. ಬರುವ ಸೋಮವಾರ ತೊಗರ್ಸಿಯ ಮಲ್ಲಿಕಾರ್ಜುನನ ಗುಡಿಯಲ್ಲಿ ಪುಟ್ಟ ತಮ್ಮನ ಜವಳ. ಆದರೆ ನಿನ್ನೆ ಗುತ್ಯಮ್ಮಜ್ಜಿ ಪೆಟ್ಟಿಗೆ ತೆರೆದರೆ ಕತ್ತಿಗೆ ತುಕ್ಕು ಹಿಡಿದಿತ್ತು.

"ಹೊಸ ಬ್ಲೇಡ್ ತಂದ್ರಾತು ಬಿಡವ್ವ," ಎಂದಿದ್ದ ಅಪ್ಪ.

"ಆತಪ್ಪ," ಎಂದು ಅಜ್ಜಿ ಪೆಟ್ಟಿಗೆ ಮುಚ್ಚಿದ್ದಳು. ಆಮೇಲೆ ರೊಟ್ಟಿಯನ್ನೇ ಮುಟ್ಟಿರಲಿಲ್ಲ.

ಅದಕ್ಕೇ ಸುಷ್ಮಿತಾ ಸ್ಕೂಲಿನಿಂದ ಬಂದವಳೇ ಕುಡುಗೋಲು ಮಸೆಯುವ ಕಲ್ಲಿನ ಮೇಲೆ ಕತ್ತಿಯನ್ನು ಜೋರಾಗಿ ಉಜ್ಜಿದ್ದಳು. ತುಕ್ಕೇನೋ ಹೋಯಿತು. ಆದರೆ ಅಲಗಿನ ತುಂಬ ಗರಗಸದಂಥ ಹಲ್ಲುಗಳು ಎದ್ದಿದ್ದವು.

ಅಜ್ಜಿ ಹಿತ್ತಲಿಗೇ ಬಂದಳು. "ತೋರ್ಸು."

"ಬೈಯಲ್ಲ ತಾನೆ?"

"ಮೊದ್ಲು ತೋರ್ಸು."

ಅಜ್ಜಿ ಕತ್ತಿಯನ್ನು ಬೆಳಕಿಗೆ ಹಿಡಿದು ನೋಡಿದಳು. "ಅಪ್ಪಾ ಮಲ್ಲಿಕಾರ್ಜುನಾ," ಎಂದು ಅಲ್ಲೇ ಕೂತುಬಿಟ್ಟಳು.

"ಪ್ರಾಮಿಸ್ ಅಜ್ಜಿ, ಶಾರ್ಪ್ ಮಾಡಣ ಅಂತಿದ್ದೆ..." ಸುಷ್ಮಿತಾಳಿಗೆ ಅಳು ಬಂತು.

ಅಜ್ಜಿ ಸೆರಗಿನಿಂದ ಅವಳ ಮೂಗು ಒರೆಸಿದಳು. "ಅಲ್ವೇ, ಇದ್ರಾಗೆ ನಿಮ್ಮಜ್ಜ ಹುಲ್ಲು ಕೊಯ್ತಿದ್ರೇನೆ?"

ಅಳುತ್ತಿದ್ದವಳಿಗೆ ನಗು ಬಂದುಬಿಟ್ಟಿತು.

ಅಜ್ಜಿ ಟ್ರಂಕಿನ ತಳದಿಂದ ಒಂದು ಕಪ್ಪು ಕಲ್ಲು ತಂದಳು. ಮುಟ್ಟಿದರೆ ಸೋಪಿನಷ್ಟು ನುಣುಪು.

"ನಿಂಗೆ ಮಸೆಯಾಕೆ ಬರುತ್ತಾ ಅಜ್ಜಿ?"

"ದಿನಾ ಬೆಳಿಗ್ಗೆ ನಿಮ್ಮಜ್ಜ ಗಡ್ಡ ಹೆರ್ಕೊಳ್ಳೋವಾಗ ಎದುರಿಗೆ ನೀರು ಹಿಡ್ಕೊಂಡು ಕೂರ್ತಿದ್ದೆ. ಕಣ್ಣು ಸುಮ್ನೆ ಇರ್ತಿತ್ತಾ?"

ಕಲ್ಲಿನ ಮೇಲೆ ನೀರು ಚಿಮುಕಿಸಿ, ಮೊಮ್ಮಗಳ ಕೈಯ ಮೇಲೆ ತನ್ನ ಕೈಯಿಟ್ಟಳು. "ಕತ್ತೀದು ಬೆನ್ನು, ಬಾಯಿ ಎರಡೂ ಕಲ್ಲಿಗೆ ತಾಗ್ಬೇಕು. ಭಾರ ಹಾಕ್ಬ್ಯಾಡ. ಕೂಸಿನ ತಲೆ ಸವರ್ದಂಗೆ."

ದಿನವೂ ಸಂಜೆ ದೇವರಿಗೆ ದೀಪ ಹಚ್ಚಿದ ಮೇಲೆ ಇಬ್ಬರೂ ಮಸೆದರು. ಹಲ್ಲುಗಳು ಸವೆದವು, ಕತ್ತಿಯೂ ಕೊಂಚ ಸಣ್ಣದಾಯಿತು. ತುದಿಯ ಹತ್ತಿರ ಒಂದು ಕಚ್ಚು ಮಾತ್ರ ಹೋಗಲೇ ಇಲ್ಲ. "ಇರ್ಲಿ ಬಿಡು, ನಿನ್ ಗುರ್ತಿಗೆ," ಎಂದಳು ಅಜ್ಜಿ.

ಭಾನುವಾರ ಸಂಜೆ ಅಜ್ಜಿ, ಅಜ್ಜ ಕತ್ತಿ ಎಳೆದು ಹದ ಮಾಡುತ್ತಿದ್ದ ಚರ್ಮದ ಪಟ್ಟಿಯನ್ನು ಕಂಬಕ್ಕೆ ಕಟ್ಟಿದಳು. "ಈಗ ಬೆನ್ನು ಮುಂದೆ, ಬಾಯಿ ಹಿಂದೆ. ಎಳಿ."

ಚಪ್, ಚಪ್, ಚಪ್.

ಅಜ್ಜಿ ತನ್ನದೊಂದು ಬಿಳಿಗೂದಲು ಕಿತ್ತು ಹಿಡಿದಳು. ಕತ್ತಿ ಸೋಕಿತು. ಕೂದಲು ಎರಡಾಯಿತು.

"ಅಪ್ಪಾ, ನೋಡಿಲ್ಲಿ! ನಾಳೆ ಇದೇ!"

ಅಪ್ಪ ಬಂದು ನೋಡಿ, ಕತ್ತಿಯನ್ನು ಕಣ್ಣಿಗೊತ್ತಿಕೊಂಡ. "ಬ್ಲೇಡು ಉಳಿದ ಕೂದ್ಲಿಗಾತು ಬಿಡು."

ಸುಷ್ಮಿತಾ ಕತ್ತಿ ಮಡಚಲು ಹೋದಳು.

"ಇನ್ನೊಂದೀಟು ಎಳಿಯವ್ವ," ಎಂದಳು ಅಜ್ಜಿ.

"ಶಾರ್ಪ್ ಆಗೇತಲ್ಲ ಅಜ್ಜಿ?"

"ಆಗ್ಲಿ. ಎಳಿ."

ಚಪ್, ಚಪ್. ಅಜ್ಜಿ ಗೋಡೆಗೆ ಒರಗಿ, ಕಣ್ಣು ಮುಚ್ಚಿ ಆ ಸದ್ದನ್ನೇ ಕೇಳುತ್ತಿದ್ದಳು.

"ಅವ್ರು ಇಷ್ಟು ಬಿರುಸಾಗಿ ಎಳೀತಿರ್ಲಿಲ್ಲ," ಎಂದಳು ಮೆಲ್ಲಗೆ.

ಸುಷ್ಮಿತಾ ಅಜ್ಜಿಯ ಮುಖ ನೋಡಿದಳು. ಕೈಯನ್ನು ನಿಧಾನ ಮಾಡಿದಳು, ಬೆಳಗಿನ ಹೊತ್ತು ಯಾವ ಅವಸರವೂ ಇಲ್ಲದವರು ಎಳೆಯುವ ಹಾಗೆ.