ಹಳದಿ ಕೂಪೆಯ ಭಾನುವಾರಗಳು

ಗ್ಯಾರೇಜಿನ ಕಬ್ಬಿಣದ ಬಾಗಿಲ ಮುಂದೆ ಒಬ್ಬ ಗಂಡಸು ಬೋರಲು ಮಲಗಿ, ಬಾಗಿಲ ಕೆಳಗಿನ ಸಂದಿಯಲ್ಲಿ ಭುಜದವರೆಗೂ ಕೈ ತೂರಿಸಿದ್ದ. ಮೆಟ್ಟಿಲಿಳಿದು ಬಂದ ಫುಲ್ವಿಯಾ ಇದನ್ನು ಕಂಡು ಕೆರಳಿದಳು.

"ಏಯ್! ಹಾಡಹಗಲಲ್ಲೇ ಬಾಗಿಲು ಮುರೀತಿದ್ದೀರಾ?"

ಅವನು ತಲೆ ಎತ್ತಲಿಲ್ಲ. "ಮುರೀತಿಲ್ಲ ಮೇಡಂ. ಟೋಪಿ ಒಳಗೆ ಹೋಗ್ಬಿಟ್ಟಿದೆ."

"ಯಾರ ಟೋಪಿ?"

"ನನ್ನದೇ. ನಿಮ್ಮೂರಿನ ಗಾಳಿ ಕಿತ್ಕೊಂಡು ಒಳಗೆ ತಳ್ತು. ಮಾನ ಮರ್ಯಾದೆ ಇಲ್ಲದ ಗಾಳಿ."

ಬೋರಾ ಎಂಬ ಬಿರುಗಾಳಿ ಬೀಸುವ ದಿನ ತ್ರಿಯೆಸ್ತೆಗೆ ಟೋಪಿ ಹಾಕಿಕೊಂಡು ಬರುವವನು ಹೊರಗಿನವನೇ ಇರಬೇಕು. ಫುಲ್ವಿಯಾ ತುಟಿ ಕಚ್ಚಿ ನಗು ನುಂಗಿಕೊಂಡು ಬೀಗ ತೆಗೆದಳು. ಬಾಗಿಲು ಮೇಲಕ್ಕೆ ಸರಿಯಿತು. ಟೋಪಿ ಮುಂದಿನ ಚಕ್ರದ ಹತ್ತಿರವೇ ಬಿದ್ದಿತ್ತು. ಅವನು ಅದನ್ನು ಎತ್ತಿಕೊಳ್ಳಲು ಬಗ್ಗಿದವನು ಹಾಗೇ ನಿಂತುಬಿಟ್ಟ.

ತೊಂಬತ್ತಾರರಲ್ಲಿ ತಯಾರಾದ ಕೂಪೆ ಕಾರು. ಎರಡೇ ಬಾಗಿಲು, ನಿಂಬೆಹಣ್ಣಿನಂಥ ಹಳದಿ, ಚಕ್ರಗಳ ಮೇಲೆ ಚಾಕುವಿನಿಂದ ಗೀರಿದಂಥ ಓರೆ ಗೆರೆ. ಓಡಿದ್ದು ಹದಿನಾಲ್ಕು ಸಾವಿರ ಕಿಲೋಮೀಟರ್ ಮಾತ್ರ.

"ಅಯ್ಯೋ," ಎಂದ ಅವನು ಮೆಲ್ಲಗೆ. "ಇವಳನ್ನ ಮಾರ್ತೀರಾ?"

ಅವನ ಹೆಸರು ಎಡ್ವಿನ್. ಗಡಿಯಾಚೆಯ ಇಸೋಲಾದಲ್ಲಿ ದೋಣಿಗಳ ಎಂಜಿನ್ ರಿಪೇರಿ ಮಾಡುವವನು. ಗಾಡಿ ಮಾರಾಟದ ಜಾಹೀರಾತು ನೋಡಿ ಬಂದಿದ್ದ. ಕಿವಿಯ ಹತ್ತಿರ ಕೂದಲು ನರೆತಿತ್ತು. ಕಣ್ಣು ಮಾತ್ರ ಮಿಠಾಯಿ ಅಂಗಡಿಯ ಮುಂದೆ ನಿಂತ ಹುಡುಗನದ್ದು.

ಗಾಡಿ ಫುಲ್ವಿಯಾಳ ಅಪ್ಪ ಕ್ಯಾಪ್ಟನ್ ನೆರೆಯೊನದು. ಸರಕು ಹಡಗುಗಳಲ್ಲೇ ಜೀವ ಸವೆಸಿದ ಮನುಷ್ಯ. ರಜೆಗೆ ಬಂದಾಗ ಓಡಿಸಲೆಂದು ಕೊಂಡಿದ್ದ, ರಜೆಯೇ ಸಿಗಲಿಲ್ಲ. ಈಗ ರಜೆ ಬೇಕಾದಷ್ಟಿದೆ, ಆದರೆ ಮೊಣಕಾಲು ಆ ತಗ್ಗು ಸೀಟಿಗೆ ಮಡಚಲೊಲ್ಲದು. ಮಾರಲು ಒಪ್ಪಿದ್ದ, ಒಂದು ಷರತ್ತಿನ ಮೇಲೆ. ಕೊಳ್ಳುವವನು ಕರಾವಳಿ ರಸ್ತೆಯಲ್ಲಿ ಸಿಸ್ತಿಯಾನಾದವರೆಗೆ ಹೋಗಿ ಬರಬೇಕು. ಪಕ್ಕದಲ್ಲಿ ಮಗಳು ಕೂತಿರಬೇಕು. ಅವಳು ಬಂದು ಸರಿ ಎಂದರೆ ಮಾತ್ರ ಕೀಲಿಕೈ.

"ಹೆಣ್ಣು ಕೊಡೋ ಹಾಗೆ ಆಡ್ತೀಯಲ್ಲಪ್ಪ," ಎಂದು ಫುಲ್ವಿಯಾ ರೇಗಿದ್ದಳು.

"ನಿನ್ನ ಮದುವೇಲಿ ಇಷ್ಟು ನೋಡಿದ್ರೆ ಚೆನ್ನಾಗಿತ್ತು ಕಣೇ," ಎಂದಿದ್ದ ಮುದುಕ.

ಆ ಮಾತು ಚುಚ್ಚಿತ್ತು, ಯಾಕೆಂದರೆ ಅದು ನಿಜ. ಬೊಲೊನ್ಯಾದಲ್ಲಿ ಮದುವೆ ಮುರಿದ ಮೇಲೆ ಅವಳು ಊರಿಗೆ ಮರಳಿದ್ದಳು. ಈಜುಕೊಳದಲ್ಲಿ ಮಕ್ಕಳಿಗೆ ಈಜು ಕಲಿಸುತ್ತಿದ್ದಳು. ಆದರೆ ಊರು ಮತ್ತೆ ಊರಾಗಲೇ ಇಲ್ಲ. ಒಂದು ಕಡೆ ಕೂತರೆ ಕಾಲು ತಾನಾಗಿ ಕುಣಿಯುತ್ತಿತ್ತು. ದೂರದ ಲಿವೋರ್ನೊದ ಈಜು ಕ್ಲಬ್ಬಿನವರು ಕರೆದಿದ್ದರು, ಮಾರ್ಚ್‌ನಿಂದ ಕೆಲಸ. ಅಪ್ಪನ ಗಾಡಿ ಮಾರಿ ಹೋಗಲಿ, ಆಮೇಲೆ ಹೇಳ್ತೀನಿ ಎಂದು ದಿನ ದೂಡುತ್ತಿದ್ದಳು.

ಎಡ್ವಿನ್ ಎಂಜಿನ್ ಚಾಲೂ ಮಾಡಿದ. ಊರು ದಾಟಿದ ಮೇಲೆ ಬಲಕ್ಕೆ ಬಿಳಿ ಬಂಡೆ, ಎಡಕ್ಕೆ ನೊರೆಗಟ್ಟಿದ ಸಮುದ್ರ. ಗೇರು ಬದಲಾದದ್ದೇ ಅವಳಿಗೆ ತಿಳಿಯುತ್ತಿರಲಿಲ್ಲ, ಅಷ್ಟು ನಯ. ಅವಳ ಕಣ್ಣು ರಸ್ತೆ ಬಿಟ್ಟು ಅವನ ಕೈ ಮೇಲೆ ಹೋಯಿತು. ಉಗುರಿನ ಸುತ್ತ ಎಷ್ಟು ತೊಳೆದರೂ ಹೋಗದ ಕಪ್ಪು. ಮಣಿಕಟ್ಟಿನ ಮೇಲೊಂದು ಹಳೆಯ ಸುಟ್ಟ ಗಾಯ.

"ಪರೀಕ್ಷೆ ಮಾಡ್ತಿದ್ದೀರಾ?" ಅವನು ರಸ್ತೆಯಿಂದ ಕಣ್ಣು ತೆಗೆಯದೆ ಕೇಳಿದ.

"ಅದಕ್ಕೇ ಕೂರಿಸಿದ್ದಾರೆ ನನ್ನ."

"ಪಾಸಾ?"

"ಪೂರ್ತಿ ಮುಗೀಲಿ."

ಅವನ ತುಟಿಯ ಒಂದು ತುದಿ ಮೇಲೇರಿತು. ಅವಳು ತಟ್ಟನೆ ಸಮುದ್ರದ ಕಡೆ ತಿರುಗಿದಳು. ಗಾಜಿನಲ್ಲಿ ಅವನ ಪ್ರತಿಬಿಂಬವೇ ಕಂಡಿತು.

ಮರಳಿ ಬರುವಾಗ, ಮನೆಯ ಬೀದಿಯ ಏರಿನಲ್ಲಿ, ಸರಿಯಾಗಿ ಅಪ್ಪನ ಬಾಲ್ಕನಿಯ ಕೆಳಗೆ, ಗೇರು 'ಕರ್ರ್' ಎಂದು ಕಿರುಚಿಕೊಂಡಿತು. ಮೇಲೆ ಕ್ಯಾಪ್ಟನ್ ಎದೆ ಹಿಡಿದುಕೊಂಡ.

"ಹೇಗೆ ಓಡಿಸ್ತಾನೆ?" ಮನೆಯೊಳಗೆ ಕಾಲಿಡುವ ಮೊದಲೇ ಅಪ್ಪನ ಪ್ರಶ್ನೆ.

ಬೆಣ್ಣೆಯ ಹಾಗೆ ಓಡಿಸ್ತಾನೆ, ಆ ಕಿರುಚಾಟ ಒಂದು ಬಿಟ್ಟರೆ ಇನ್ನೇನೂ ತಪ್ಪಿಲ್ಲ ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. "ಕೈ ಸ್ವಲ್ಪ ಒರಟು ಅಪ್ಪ. ಇನ್ನೊಂದ್ಸಲ ನೋಡೋದು ಒಳ್ಳೇದು."

ಹೇಳಿದವಳಿಗೇ ಗಾಬರಿಯಾಯಿತು. ಯಾಕೆ ಹಾಗಂದೆ?

ಮುಂದಿನ ಭಾನುವಾರ ಎಡ್ವಿನ್ ಮತ್ತೆ ಬಂದ. ಅದರ ಮುಂದಿನ ಭಾನುವಾರವೂ ಬಂದ. ಸಿಸ್ತಿಯಾನಾದ ಬಂದರಿನಲ್ಲಿ ಕರಿದ ಸಣ್ಣ ಮೀನು ತಿಂದರು. ಅವಳು ಒಂದು ಲೋಟ ವೈನ್ ಕುಡಿದಳು, ಗಾಡಿ ಓಡಿಸುವವನು ನೀರು ಕುಡಿದ. ಅವನೂ ಮದುವೆಯಾಗಿ ಬಿಟ್ಟವನೇ. "ಅವಳಿಗೆ ಡೀಸೆಲ್ ವಾಸನೆ ಆಗ್ತಿರಲಿಲ್ಲ," ಎಂದ.

"ನಿಮ್ಮ ಹತ್ರ ಡೀಸೆಲ್ ವಾಸನೆ ಎಲ್ಲಿದೆ?"

"ಭಾನುವಾರ ಅಲ್ವಾ. ತಿಕ್ಕಿ ತಿಕ್ಕಿ ಸ್ನಾನ ಮಾಡಿ ಬಂದಿದ್ದೀನಿ."

"ಗಾಡಿ ನೋಡೋಕೆ ಅಷ್ಟೆಲ್ಲ ಸ್ನಾನ ಯಾಕೆ?"

ಅವನು ಮೀನಿನ ಮುಳ್ಳು ಬಿಡಿಸುವುದರಲ್ಲಿ ಮಗ್ನನಾದ. ಕಿವಿ ಮಾತ್ರ ಕೆಂಪಾಗಿತ್ತು.

ಮನೆಯ ಏರಿನಲ್ಲಿ ಮತ್ತೆ ಅದೇ 'ಕರ್ರ್'. ಫುಲ್ವಿಯಾಳಿಗೆ ತಡೆಯಲಾಗಲಿಲ್ಲ. "ಊರಾಚೆ ಇಷ್ಟು ಚೆನ್ನಾಗಿ ಬೀಳೋ ಗೇರು ನಮ್ಮನೆ ಮುಂದೆ ಯಾಕೆ ಹೀಗೆ ಅರಚುತ್ತೆ?"

"ನಿಮ್ಮಪ್ಪನ ಮುಖ ನೋಡಿದ್ರೆ ಕೈ ನಡುಗುತ್ತೆ. ಎಲ್ಲಿ ಗಾಡಿ ಕೊಡಲ್ಲ ಅಂತಾರೋ ಅಂತ."

ಹಾಗಾದರೆ ಇವನಿಗೆ ಬೇಕಾಗಿರುವುದು ಗಾಡಿ. ಸ್ನಾನ, ಕೆಂಪು ಕಿವಿ, ಎಲ್ಲ ಈ ಹಳದಿ ಚೆಲುವೆಗಾಗಿ. ಸರಿ ಎಂದರೆ ಗಾಡಿ ಒಯ್ದು ಹೋಗಿಬಿಡುತ್ತಾನೆ. ಸರಿಯಿಲ್ಲ ಎನ್ನುತ್ತಿದ್ದರೆ ಬರುತ್ತಲೇ ಇರುತ್ತಾನೆ, ಆದರೆ ಅವಳಿಗಾಗಿ ಅಲ್ಲ. ಆ ವಾರ ಕೊಳದ ದಡದಲ್ಲಿ ಅತ್ತಿಂದಿತ್ತ ನಡೆದದ್ದೇ ನಡೆದದ್ದು. "ಟೀಚರ್, ನಿಂತ್ಕೊಳ್ಳಿ, ನಮಗೆ ತಲೆ ಸುತ್ತುತ್ತೆ," ಎಂದಿತು ನೀರಿನಲ್ಲಿದ್ದ ಒಂದು ಹುಡುಗಿ.

ಬುಧವಾರ ಮಿಲಾನಿನಿಂದ ಒಬ್ಬ ಬಂದ. ಒಳ್ಳೆಯ ಕೋಟು, ಒಳ್ಳೆಯ ಮಾತು, ಹಳೆಯ ಗಾಡಿಗಳ ಹುಚ್ಚು. ಕರಾವಳಿ ರಸ್ತೆಯಲ್ಲಿ ಒಂದು ತಪ್ಪೂ ಮಾಡಲಿಲ್ಲ. ಬಾಲ್ಕನಿಯ ಕೆಳಗೂ ಎಂಜಿನ್ ಹಾಡುತ್ತಲೇ ಏರಿತು.

"ಹೇಗೆ?" ಎಂದ ಅಪ್ಪ. ಮಗಳ ಮುಖವನ್ನೇ ನೋಡುತ್ತಿದ್ದ.

ಇನ್ನೊಂದು ಸುಳ್ಳು ನಾಲಿಗೆಯ ತುದಿಯಲ್ಲೇ ಇತ್ತು. ಆದರೆ ಸುಳ್ಳಿನ ದಾರ ಕಟ್ಟಿ ಒಬ್ಬ ಗಂಡಸನ್ನು ವಾರ ವಾರ ಎಳೆದುಕೊಳ್ಳುವುದು ಅವಳಿಗೇ ನಾಚಿಕೆಗೇಡೆನಿಸಿತು. "ಚೆನ್ನಾಗಿ ಓಡಿಸ್ತಾರೆ," ಎಂದಳು. "ಕೊಟ್ಬಿಡು."

ಶುಕ್ರವಾರ ಲಾರಿ ಬಂದು ಕೂಪೆಯನ್ನು ಹೊತ್ತೊಯ್ದಿತು. ಎಡ್ವಿನ್‌ಗೆ ಹೇಳಬೇಕೆಂದು ಅವಳು ಎಷ್ಟೋ ಸಲ ಫೋನ್ ತೆಗೆದಳು, ಹೆಸರು ನೋಡಿದಳು, ಕೆಳಗಿಟ್ಟಳು. ಹೇಳಿಬಿಟ್ಟರೆ ಭಾನುವಾರ ಅವನು ಬರುವುದಿಲ್ಲ. ಅಷ್ಟು ಸರಳ. ಲಿವೋರ್ನೊದವರು ಸೋಮವಾರ ಉತ್ತರ ಬೇಕೆಂದಿದ್ದರು.

ಭಾನುವಾರ ಗಾಳಿ ಅಡಗಿತ್ತು. ಅವಳು ಬೆಳಗಿನಿಂದ ನಾಲ್ಕು ಸಲ ಬಟ್ಟೆ ಬದಲಿಸಿ, ಕೊನೆಗೆ ಮೊದಲು ಹಾಕಿದ್ದನ್ನೇ ಹಾಕಿಕೊಂಡು ಬೀದಿಗಿಳಿದಳು. ಅವನು ಏರು ಹತ್ತಿ ನಡೆದು ಬರುತ್ತಿದ್ದ. ಗ್ಯಾರೇಜಿನ ಕಡೆ ತಿರುಗಿಯೂ ನೋಡದೆ ನೇರ ಅವಳ ಮುಂದೆ ಬಂದು ನಿಂತ.

"ಗಾಡಿ ಮಾರಿ ಹೋಯ್ತು," ಎಂದಳು ಒಂದೇ ಉಸಿರಿಗೆ. "ನಾನೇ ಫೋನ್ ಮಾಡ್ಬೇಕಿತ್ತು. ಮಾಡ್ಲಿಲ್ಲ. ಸುಮ್ನೆ ಅಷ್ಟು ದೂರ ಬಂದ್ರಿ."

"ಗೊತ್ತು."

"ಏನ್ ಗೊತ್ತು?"

"ಮಾರಿದ್ದು. ಶುಕ್ರವಾರವೇ ನಿಮ್ಮಪ್ಪ ಫೋನ್ ಮಾಡಿದ್ರು. ಗಾಡಿ ಇಲ್ಲ, ಬರೋ ಅಗತ್ಯ ಇಲ್ಲ ಅಂದ್ರು."

ಅವಳು ಬಾಲ್ಕನಿ ಕಡೆ ನೋಡಿದಳು. ಪರದೆ ಅಲುಗಿತು.

"ಮತ್ತೆ?"

"ಮತ್ತೆ ಏನು? ಬಂದೆ."

ಕಾಲು ಕುಣಿಯುತ್ತಿದ್ದದ್ದು ನಿಂತಿತು.

"ನಾನು ಅಪ್ಪನಿಗೆ ಸುಳ್ಳು ಹೇಳಿದ್ದೆ," ಎಂದಳು. "ನೀವು ಸರಿಯಾಗಿ ಓಡಿಸಲ್ಲ ಅಂತ. ಪ್ರತಿ ಸಲ."

"ಸುಳ್ಳು ಯಾಕಾಗುತ್ತೆ? ಸರಿಯಾಗಿ ಓಡಿಸ್ಲಿಲ್ವಲ್ಲ."

"ಆ ಗೇರು..."

"ಬೇಕಂತಲೇ ಮಾಡಿದ್ದು, ಪಾಸಾದ್ರೆ ಮತ್ತೆ ಬರೋಕಾಗಲ್ವಲ್ಲ. ಮೊದಲನೇ ಸಲವೂ." ಅವನು ಕೈಯನ್ನು ಕೋಟಿನ ಜೇಬಿಗೆ ತುರುಕಿ, ಮತ್ತೆ ತೆಗೆದ. "ಅಷ್ಟು ಒಳ್ಳೆ ಗೇರ್‌ಬಾಕ್ಸಿಗೆ ಹಾಗೆ ಮಾಡೋವಾಗ ಕರುಳು ಹಿಂಡ್ದಂಗಾಗ್ತಿತ್ತು ಫುಲ್ವಿಯಾ. ನಿನಗೋಸ್ಕರ ಮಾಡಿದೆ."

ನಿನಗೋಸ್ಕರ. ಇಷ್ಟು ವಾರ 'ನೀವು' ಎನ್ನುತ್ತಿದ್ದವನು.

ಮೇಲಿಂದ ಕ್ಯಾಪ್ಟನ್‌ನ ದನಿ ಬಂತು. ಪರದೆಯ ಹಿಂದೆ ನಿಂತು ಸಾಕಾಗಿತ್ತೋ ಏನೋ. "ಬೀದಿಯ ತಿರುವಿನವರೆಗೂ ಸರಿಯಾಗಿ ಬರೋ ಎಂಜಿನ್ನು ನನ್ನ ಕೆಳಗೆ ಬಂದಾಗ ಮಾತ್ರ ಅಳುತ್ತೆ! ನಾನೇನು ಕಿವುಡನಾ? ಇನ್ನೊಂದು ಭಾನುವಾರ ಬಿಟ್ಟಿದ್ರೆ ಗೇರ್‌ಬಾಕ್ಸು ಕೈಗೆ ಬರ್ತಿತ್ತು. ಅದಕ್ಕೇ ಮಾರಿದೆ!"

"ಅಪ್ಪಾ, ಒಳಗೆ ಹೋಗು!"

"ಹೋಗ್ತೀನಿ, ಹೋಗ್ತೀನಿ." ಬಾಲ್ಕನಿಯ ಬಾಗಿಲು ಮುಚ್ಚಿದ ಸದ್ದಾಯಿತು.

ಫುಲ್ವಿಯಾ ನಗಲಿಲ್ಲ. ಹೇಳಬೇಕಾದದ್ದು ಇನ್ನೂ ಒಂದಿತ್ತು. "ಎಡ್ವಿನ್, ನಾನು ಲಿವೋರ್ನೊಗೆ ಹೋಗ್ತಿದ್ದೀನಿ. ಅಲ್ಲಿ ಕೆಲಸ ಸಿಕ್ಕಿದೆ. ನಾಳೆ ಹೂಂ ಅಂತ ಹೇಳ್ಬೇಕು."

"ಹೂಂ ಅಂತ್ಲೇ ಹೇಳು," ಎಂದ ಅವನು.

"ಬೇಡ ಅನ್ನಲ್ವಾ?"

"ಬೇಡ ಅಂದ್ರೆ ನಿಲ್ತೀಯಾ?"

ಅವಳಿಗೆ ಇನ್ನೊಂದು ಸುಳ್ಳು ಹೇಳುವುದು ಬೇಕಿರಲಿಲ್ಲ. "ಇಲ್ಲ. ಈ ಊರಲ್ಲಿ ನಾನು ಮೂಟೆ ಬಿಚ್ಚದೇ ಕೂತಿದ್ದೀನಿ. ಹೋಗ್ಲಿಲ್ಲ ಅಂದ್ರೆ ಹುಚ್ಚು ಹಿಡಿಯುತ್ತೆ. ಆಮೇಲೆ ನಿನ್ನನ್ನೇ ಬೈತೀನಿ."

"ಹಾಗಾದ್ರೆ ನಾನ್ಯಾಕೆ ಬೇಡ ಅನ್ಲಿ?" ಅವನು ಅವಳ ಹಣೆಗೆ ಬಿದ್ದ ಕೂದಲನ್ನು ಒಂದು ಬೆರಳಿನಿಂದ ಸರಿಸಿದ. ಬೆರಳು ಸಣ್ಣಗೆ ನಡುಗುತ್ತಿತ್ತು, ಈ ಸಲ ನಿಜಕ್ಕೂ. "ಲಿವೋರ್ನೊದಲ್ಲೂ ಸಮುದ್ರ ಇದೆಯಲ್ಲ. ಸಮುದ್ರ ಇದ್ದ ಕಡೆ ದೋಣಿ ಇರುತ್ತೆ. ದೋಣಿ ಅಂದ್ಮೇಲೆ ಎಂಜಿನ್ ಕೆಡ್ದೇ ಇರುತ್ತಾ?"

"ಬರ್ತೀಯಾ?"

"ಇಸೋಲಾದಲ್ಲಿ ಒಪ್ಕೊಂಡಿರೋ ಕೆಲಸ ಮುಗಿಸೋಕೆ ಬೇಸಿಗೆ ಆಗುತ್ತೆ. ಅಲ್ಲೀವರೆಗೂ ನನ್ನ ನೆನಪು ಇಟ್ಕೊಂಡಿರ್ತೀಯಾ?"

"ಗೊತ್ತಿಲ್ಲ," ಎಂದಳು, ಕಣ್ಣು ತುಂಬಿಕೊಂಡು. "ಮರೆಯೋ ಹಾಗೆ ಬಿಡ್ಬೇಡ."

ಅವನ ಕೋಟಿನ ಎರಡೂ ಅಂಚು ಹಿಡಿದು ತನ್ನತ್ತ ಎಳೆದುಕೊಂಡಳು. ನಡುಬೀದಿ, ಭಾನುವಾರದ ಬೆಳಕು, ಚರ್ಚಿನಿಂದ ಮರಳುತ್ತಿದ್ದ ಎದುರು ಮನೆಯ ಹೆಂಗಸರು. ಒಬ್ಬಳು ಇನ್ನೊಬ್ಬಳ ತೋಳು ತಿವಿದಳು. ಫುಲ್ವಿಯಾ ಕಂಡೂ ಕಾಣದವಳಂತೆ ಅವನಿಗೆ ಮುತ್ತಿಟ್ಟಳು, ಅವಸರವೇ ಇಲ್ಲದೆ.