ಹೊಸಿಲಾಚೆಯ ತಟ್ಟೆ

ಚೈತನ್ಯ ಯಾಮಿನಿಯನ್ನು ಮೊದಲ ಸಲ ಕಂಡದ್ದೇ ಬಾಗಿಲಲ್ಲಿ ಅಡ್ಡಗಟ್ಟಿ!

ಸಾದಲಿಯ ಅವನ ರೇಷ್ಮೆ ಹುಳು ಮನೆಗೆ ಅವಳು ಕೂಲಿಗೆ ಬಂದಿದ್ದಳು. ಗೂಡು ಕಟ್ಟಲು ಹಣ್ಣಾದ ಹುಳು ಆರಿಸುವ ಕೆಲಸ. ಗಂಡ ತೀರಿಕೊಂಡು ವರ್ಷವಾಗಿತ್ತು. ಯಾವುದೋ ಜ್ವರ ಎಂದಷ್ಟೇ ಹೇಳಿ ಅತ್ತೆ ಮನೆಯವರು ಬಾಯಿ ಮುಚ್ಚಿಕೊಂಡಿದ್ದರು. ಆಮೇಲಿಂದ ಶುಭಕಾರ್ಯದ ಮನೆಗಳ ಬಾಗಿಲಲ್ಲೆಲ್ಲ ಅವಳನ್ನು ತಡೆದವರೇ. ಈ ಗಂಡಸೂ ಕೈ ಅಡ್ಡ ಹಿಡಿದಾಗ ಅವಳಿಗೆ ತಡೆಯಲಾಗಲಿಲ್ಲ.

"ಯಾಕೆ? ಗಂಡ ಸತ್ತೋಳು ಅಂತಾನಾ?"

ಅವನು ತಬ್ಬಿಬ್ಬಾದ. ಹೊಸಿಲ ಹೊರಗಿದ್ದ ತಟ್ಟೆ ತೋರಿಸಿದ. ಅದರಲ್ಲಿ ಬ್ಲೀಚಿಂಗ್ ಪುಡಿ ಕಲಸಿದ ನೀರಿತ್ತು.

"ಕಾಲು ಅದ್ಕೊಂಡು ಬಾಮ್ಮ, ನಾನೂ ಹಂಗೇ ಬರೋದು. ಹೊರಗಿನ ರೋಗ ಒಳಗಿರೋ ಹುಳಕ್ಕೆ ತಗುಲ್ಬಾರ್ದು, ಅಷ್ಟೇಯ."

ಅವಳು ನಾಚಿ ತಲೆ ತಗ್ಗಿಸಿದಳು. ಮೂರು ಬೆಳೆ ಮುಗಿಯುವಷ್ಟರಲ್ಲಿ ಇಬ್ಬರ ಮನಸ್ಸೂ ಕೂಡಿತ್ತು. ಊರು ಆಡಿಕೊಂಡಿತು. ಊರ ಬಾಯಿಗೆ ಬೀಗ ಹಾಕಿದವರು ಯಾರಿದ್ದಾರೆ ಹೇಳಿ? ಅವರು ಮದುವೆಯಾದರು.

ಈಗ ಅವಳಿಗೆ ನಾಲ್ಕು ತಿಂಗಳು.

ಶಿಡ್ಲಘಟ್ಟದ ಆಸ್ಪತ್ರೆಯಲ್ಲಿ ಬಸುರಿಯರಿಗೆಲ್ಲ ಮಾಡುವಂತೆ ಅವಳಿಗೂ ರಕ್ತ ಪರೀಕ್ಷೆ ಮಾಡಿದರು. ಆಪ್ತ ಸಮಾಲೋಚಕಿ ಹರಿತಾ ಬಾಗಿಲು ಮುಚ್ಚಿ, ಪಕ್ಕದಲ್ಲಿ ಕೂತು, ಎಚ್‌ಐವಿ ಇದೆಯೆಂದು ಮೆಲ್ಲಗೆ ಹೇಳಿದಳು. ದಿನವೂ ತಪ್ಪದೆ ಮಾತ್ರೆ ನುಂಗಿದರೆ, ಆಸ್ಪತ್ರೆಯಲ್ಲೇ ಹೆರಿಗೆಯಾದರೆ, ಹುಟ್ಟಿದ ಕೂಡಲೇ ಕೂಸಿಗೆ ಔಷಧಿ ಹಾಕಿದರೆ, ಮಗುವಿಗೆ ಸೋಂಕು ತಗಲದೆ ಹೋಗುವ ಭರವಸೆ ತುಂಬಾ ಇದೆ ಎಂದೂ ಹೇಳಿದಳು. ಯಾಮಿನಿಗೆ ಮೊದಲ ಮಾತಿನ ನಂತರದ್ದು ಅರ್ಧಂಬರ್ಧ ಕೇಳಿಸಿತು. ಸತ್ತ ಗಂಡನ ಆ ಜ್ವರ ಯಾವುದೆಂದು ಈಗ ತಿಳಿದಿತ್ತು.

ಅವಳ ಒಪ್ಪಿಗೆ ಪಡೆದು ಹರಿತಾ ಚೈತನ್ಯನನ್ನೂ ಕರೆದಳು. ಅವನ ಪರೀಕ್ಷೆಯೂ ಆಯಿತು. ಅವನಿಗೆ ಇರಲಿಲ್ಲ. ಮೂರು ತಿಂಗಳ ಮೇಲೆ ಇನ್ನೊಮ್ಮೆ ಮಾಡಿಸಬೇಕಿತ್ತು.

ಬಸ್ಸಿನಲ್ಲಿ ಊರು ಬರುವವರೆಗೂ ಅವನು ತುಟಿ ಬಿಚ್ಚಲಿಲ್ಲ.

'ಯಾವ ಮುಖ ಹೊತ್ತು ಇವರ ಜೊತೆ ಬಾಳಲಿ...' ಅವಳು ಕಿಟಕಿಯ ಕಡೆ ತಿರುಗಿ ಅತ್ತಳು.

ಮೂರನೆಯ ದಿನ ಅವಳು ಬಟ್ಟೆ ಒಗೆದು ಬರುವಷ್ಟರಲ್ಲಿ ಅವಳ ಮಂಚ ಬೇರೆ ಕೋಣೆಗೆ ಹೋಗಿತ್ತು. ಅವನ ಚಾಪೆ ನಡುಮನೆಯಲ್ಲೇ ಉಳಿದಿತ್ತು. ಕೋಣೆಯ ಹೊಸಿಲ ಬಳಿ ಒಂದು ತಟ್ಟೆ. ಬ್ಲೀಚಿಂಗ್ ನೀರು!

ಹಾಲುರೋಗ ಬಂದ ಹುಳುವನ್ನು ಅವನು ಕಡ್ಡಿಯಲ್ಲಿ ಎತ್ತಿ ಸುಣ್ಣದ ನೀರಿಗೆ ಹಾಕುವುದನ್ನು ಅವಳು ಎಷ್ಟೋ ಸಲ ನೋಡಿದ್ದಳು. ಒಂದು ಹುಳುವಿನ ಆಸೆಗೆ ಇಡೀ ಬೆಳೆಯನ್ನೇ ಕಳೆದುಕೊಳ್ಳುವವರುಂಟೇ? ಈಗ ತನ್ನ ಸರದಿ ಬಂದಿತ್ತು.

ಅವಳು ಎರಡು ಸೀರೆ, ಮಾತ್ರೆ ಡಬ್ಬಿ ಚೀಲಕ್ಕೆ ತುರುಕಿಕೊಂಡಳು. ಅಂಗಳಕ್ಕಿಳಿಯುವಷ್ಟರಲ್ಲಿ ಚೈತನ್ಯ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಎದುರಾದ. ಎಲ್ಲಿಗೆ ಎಂದು ಕೇಳಿದ. ಮುರುಗಮಲ್ಲಕ್ಕೆ, ತವರಿಗೆ, ಎಂದಳು.

"ಮುಟ್ಟಿದ್ರೆ ಬರಲ್ಲ ಅಂತ ಮೇಡಂ ನಿಮ್ಮ ಮುಂದೇನೇ ಹೇಳಿದ್ರಲ್ಲ... ಆದ್ರೂ ತಟ್ಟೆ ಇಟ್ರಿ. ಬಾಯಲ್ಲಿ ಒಂದು ಮಾತು ಹೇಳಿದ್ರೆ ನಾನೇ ಹೋಗ್ತಿದ್ದೆ."

ಅವನು ಹೊರೆಯನ್ನು ಕೆಳಗೆ ಹಾಕಿ, ಅವಳ ಕೈ ಹಿಡಿದು, ಕೋಣೆಯ ಮುಂದೆ ತಂದು ನಿಲ್ಲಿಸಿದ.

"ತಟ್ಟೆ ಹೊಸಿಲ ಒಳಗೈತಾ, ಹೊರಗೈತಾ? ನೋಡಿ ಹೇಳು."

ತಟ್ಟೆ ಹೊರಗಿತ್ತು.

"ನಿಂಗೆ ಕೆಮ್ಮು ನೆಗಡಿ ಅಂಟದಂಗೆ ನೋಡ್ಕೊಳ್ಳಿ ಅಂದ್ರು ಮೇಡಂ. ನಂಗೆ ನಿನ್ನೆಯಿಂದ ನೆಗಡಿ, ಅದಕ್ಕೇ ನಿನ್ನ ಮಂಚ ಬೇರೆ ಮಾಡಿದ್ದು. ಹುಳ ಉಳಿಸ್ಕೊಳ್ಳೋದು ನಂಗೆ ಗೊತ್ತು, ಹೆಂಡ್ತಿ ಉಳಿಸ್ಕೊಳ್ಳೋದು ಯಾರು ಹೇಳ್ಕೊಟ್ಟಿದ್ರು?" ಅವನು ತಟ್ಟೆಯತ್ತ ಕೈ ತೋರಿಸಿದ. "ಕಾಲು ಅದ್ಬೇಕಾದೋನು ನಾನು ಕಣೇ... ನೀನಲ್ಲ."

ಯಾಮಿನಿ ಹೊಸಿಲ ಮೇಲೆ ಕೂತಳು. ಎಂಥ ದಡ್ಡ ಇವನು! ಅವಳಿಗೆ ಅಳು ಉಕ್ಕಿ ಬಂತು.

ಬಸ್ಸಿನಲ್ಲಿ ಯಾಕೆ ಮಾತಾಡಲಿಲ್ಲ ಎಂದು ಅವಳು ಕೇಳಿದಳು. ಬಾಯಿ ಬಿಟ್ಟಿದ್ದರೆ ಜನರ ಮುಂದೆ ಅತ್ತುಬಿಡುತ್ತಿದ್ದೆ ಎಂದ.

"ಮಗೂಗೆ ಇಲ್ಲ ಅಂತ ಗಟ್ಟಿಯಾಗೋಕೆ ಹುಟ್ಟಿದ್ಮೇಲೂ ಒಂದೂವರೆ ವರ್ಷ ಬೇಕಂತೆ," ಎಂದಳು.

"ಒಂದು ಬೆಳೆಗೆ ಇಪ್ಪತ್ತೈದು ದಿನ ನಿದ್ದೆ ಕೆಡ್ತೀವಿ. ನಮ್ಮ ಮಗೂಗೆ ಒಂದೂವರೆ ವರ್ಷ ಕೆಡಲ್ವಾ?"

"ಆಮೇಲೂ... ಇದೆ ಅಂದ್ರೆ?"

ಅವನು ಪಕ್ಕದಲ್ಲಿ ಕೂತು, ಅವಳ ಹೊಟ್ಟೆಯ ಮೇಲೆ ಅಂಗೈ ಇಟ್ಟು ಅತ್ತ.

ಕೊನೆಗೆ ಅವಳೇ ಎದ್ದು ತಟ್ಟೆಯ ನೀರನ್ನು ಮೋರಿಗೆ ಚೆಲ್ಲಿ ಬಂದಳು. ಚೀಲದಿಂದ ಮಾತ್ರೆ ಡಬ್ಬಿ ತೆಗೆದು ಕೋಣೆಯ ಗೋಡೆಗೂಡಿನಲ್ಲಿಟ್ಟಳು. ಅವನು ಎದ್ದರೂ ಇನ್ನೂ ಹೊಸಿಲಾಚೆಯೇ ನಿಂತಿದ್ದ.

"ಬನ್ನಿ ಒಳಗೆ."

"ಕಾಲು ತುಂಬ ಮಣ್ಣು ಕಣೇ..."

"ಹಂಗೇ ಬನ್ನಿ."